ಹೂದಾನಿ ಕೊಳ್ಳೋ ಮುಂಚೆ ತಳ ನೋಡಿ

ಅಜ್ಜಿ ಮನೆಯ ಉಪ್ಪಿನಕಾಯಿ ಜಾಡಿ ನೆನಪಿದೆಯಾ? ಮೇಲೆ ಕಂದು, ಕೆಳಗೆ ಬಿಳಿ, ಎತ್ತಿದ್ರೆ ಕೈ ಸೋಲುವಷ್ಟು ಭಾರ. ಅದು ಸ್ಟೋನ್‌ವೇರ್. ಈಗ ಇನ್‌ಸ್ಟಾಗ್ರಾಮ್‌ನಲ್ಲಿ ಸಾವಿರಗಟ್ಟಲೆ ಬೆಲೆಗೆ ಕಾಣಿಸೋ, ಕೈಯಲ್ಲೇ ಮಾಡಿದ ಹೂದಾನಿಗಳೂ ಅದೇ ಕುಲದವು.

ಕಳೆದ ತಿಂಗಳು ಅಂಥದ್ದೊಂದು ತಂದೆ. ಹಸಿರು ಮೈ, ಕತ್ತಿನ ಹತ್ತಿರ ಕೆಂಪು ಛಾಯೆ. ಬೆಲೆ ಕೇಳಿ ಅಮ್ಮ, "ಮಣ್ಣಿಗೆ ಇಷ್ಟು ದುಡ್ಡಾ?" ಅಂದ್ರು. ನ್ಯಾಯವಾದ ಪ್ರಶ್ನೆ.

ಉತ್ತರ ಇರೋದು ಬೆಂಕಿಯಲ್ಲಿ. ನೀರಿನ ಮಡಕೆಯನ್ನ ಕಡಿಮೆ ಶಾಖದಲ್ಲಿ ಸುಡ್ತಾರೆ. ಅದು ನೀರು ಜಿನುಗಿಸುತ್ತೆ, ಅದಕ್ಕೇ ನೀರು ತಂಪು. ಸ್ಟೋನ್‌ವೇರ್‌ಗೆ ಸುಮಾರು 1200ರಿಂದ 1300 ಡಿಗ್ರಿ ಸೆಲ್ಸಿಯಸ್ ಬೇಕು. ಆ ಶಾಖಕ್ಕೆ ಮಣ್ಣಿನ ಒಂದಂಶ ಗಾಜಿನಂತಾಗಿ ಒಳಗಿನ ಸಂದುಗಳನ್ನ ಮುಚ್ಚುತ್ತೆ. ಮೇಲಿನ ಗ್ಲೇಜ್ ಕೂಡ ಬಣ್ಣವಲ್ಲ, ಗಾಜೇ. ಸಿಲಿಕಾ, ಅಲ್ಯೂಮಿನಾ, ಜೊತೆಗೆ ಕರಗಿಸೋಕೆ ಫೆಲ್ಡ್‌ಸ್ಪಾರ್, ಸುಣ್ಣ ಅಥವಾ ಕಟ್ಟಿಗೆ ಬೂದಿ. ಇದಕ್ಕೆ ಚೂರು ತಾಮ್ರದ ಆಕ್ಸೈಡ್ ಸೇರಿಸಿದ್ರೆ, ಗೂಡಲ್ಲಿ ಗಾಳಿ ಧಾರಾಳವಾಗಿದ್ದಾಗ ಹಸಿರು, ಆಮ್ಲಜನಕ ಕಡಿಮೆಯಾದಾಗ ಕೆಂಪು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಕೋಡ್ ಒಂದೇ, ಎನ್ವಿರಾನ್‌ಮೆಂಟ್ ಬೇರೆ. ಆದ್ರೆ ಇಲ್ಲಿ ರೋಲ್‌ಬ್ಯಾಕ್ ಇಲ್ಲ. ಬಿರುಕು ಬಿಟ್ರೆ ವಾರಗಳ ಕೆಲಸ ಕಸದ ಬುಟ್ಟಿಗೆ. ಉಳಿದವುಗಳ ಬೆಲೆಯಲ್ಲಿ ಒಡೆದವುಗಳ ಪಾಲೂ ಇರುತ್ತೆ.

ಇದು ನಮ್ಮ ದೇಶಕ್ಕೆ ಹೊಸದೇನಲ್ಲ. ಪುದುಚೇರಿಯಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ 1971ರಲ್ಲೇ ಗೋಲ್ಡನ್ ಬ್ರಿಡ್ಜ್ ಪಾಟರಿ ಶುರು ಮಾಡಿದ್ರು. ಅಲ್ಲಿ ಕಲಿತ ಎಷ್ಟೋ ಜನ ಮುಂದೆ ಸ್ವಂತ ಸ್ಟುಡಿಯೋ ಕಟ್ಟಿಕೊಂಡ್ರು.

ನೀವು ಕೊಳ್ಳೋದಾದ್ರೆ ಮೊದಲು ತಲೆಕೆಳಗು ಮಾಡಿ ತಳ ನೋಡಿ. ಗ್ಲೇಜ್ ಕರಗಿ ಗೂಡಿನ ಹಲಗೆಗೆ ಅಂಟದಿರಲಿ ಅಂತ ಸಾಮಾನ್ಯವಾಗಿ ತಳದಂಚನ್ನ ಬರಿಮಣ್ಣಾಗೇ ಬಿಟ್ಟಿರ್ತಾರೆ. ಅದು ಒರಟಾಗಿದ್ರೆ ಟೇಬಲ್ ಮೇಲೆ ಗೀರು ಬೀಳುತ್ತೆ. ಆಮೇಲೆ ಬೆರಳಿಂದ ತಟ್ಟಿ. ಗಟ್ಟಿ ಇದ್ರೆ ಠಣ್ ಅನ್ನುತ್ತೆ, ಬಿರುಕಿದ್ರೆ ಸದ್ದು ಮಂಕು. ಮನೆಗೆ ತಂದ ಮೇಲೆ ನೀರು ತುಂಬಿ ಒಂದು ರಾತ್ರಿ ಪೇಪರ್ ಮೇಲಿಡಿ. ಬೆಳಗ್ಗೆ ಪೇಪರ್ ಒದ್ದೆಯಾಗಿದ್ರೆ ವಾಪಸ್ ಕೊಡಿ. ಗ್ಲೇಜ್ ಮೇಲೆ ಕೂದಲೆಳೆಯಂಥ ಗೆರೆಗಳಿದ್ರೆ ಗಾಬರಿ ಬೇಡ. ಕೆಲವರು ಬೇಕಂತಲೇ ಹಾಗೆ ಮಾಡ್ತಾರೆ. ಆದ್ರೆ ನೀರು ನಿಲ್ಲುತ್ತಾ ಅಂತ ಮಾತ್ರ ಕೇಳಿ.

ಇಷ್ಟೂ ಪಾಸಾದ್ರೆ ಚೌಕಾಸಿಗೆ ಇಳಿಯಬೇಡಿ. ನಮ್ಮ ಒಂದು ವೀಕೆಂಡ್ ಊಟದ ಬಿಲ್‌ಗಿಂತ ಹೆಚ್ಚೇನೂ ಆಗಲ್ಲ, ಆದ್ರೆ ಮಾಡಿದವರಿಗೆ ಅದು ಮುಂದಿನ ಗೂಡಿನ ಸೌದೆ.