ನಳಿಕೆಯ ತಪ್ಪಲ್ಲ, ವೇಳೆಯ ತಪ್ಪು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಆಕಳು, ಎಮ್ಮೆಗೆ ಕೃತಕ ಗರ್ಭಧಾರಣೆ ಮಾಡಿಸುವುದು ಹೊಸದೇನಲ್ಲ. ಆದರೂ ಊರ ಕಟ್ಟೆಯ ಮೇಲೆ ಅದರ ವಿರುದ್ಧದ ಮಾತು ನಿಂತಿಲ್ಲ. ಆಕ್ಷೇಪಗಳು ನಾಲ್ಕು, ಒಂದೊಂದಾಗಿ ನೋಡೋಣ.

‘ಬರ್ಫದಾಗಿಟ್ಟ ವೀರ್ಯ ಸತ್ತಂಗ.’ ಇದು ತಪ್ಪು ತಿಳಿವಳಿಕೆ. ಹೆಪ್ಪುಗಟ್ಟುವಾಗ ಜೀವಕೋಶವನ್ನು ಕೊಲ್ಲುವುದು ಒಳಗೆ ಬೆಳೆಯುವ ಮಂಜಿನ ಹರಳು ಮತ್ತು ಸುತ್ತ ದಟ್ಟವಾಗುವ ಲವಣ. ಗ್ಲಿಸರಾಲ್ ಬೆರೆಸಿದರೆ ವೀರ್ಯಾಣು ಬದುಕುತ್ತದೆಂದು ಇಂಗ್ಲೆಂಡಿನ ವಿಜ್ಞಾನಿ ಕ್ರಿಸ್ಟೋಫರ್ ಪೋಲ್ಜ್ ಮತ್ತು ಸಂಗಡಿಗರು 1949ರಲ್ಲೇ ತೋರಿಸಿದರು. ದ್ರವ ಸಾರಜನಕದ ಮೈನಸ್ 196 ಡಿಗ್ರಿಯಲ್ಲಿ ಕೋಶದ ಕೆಲಸ ನಿಲ್ಲುತ್ತದೆ, ಕೆಡುವುದೂ ನಿಲ್ಲುತ್ತದೆ. ಆಸ್ಪತ್ರೆಗಳು ಮನುಷ್ಯರ ಭ್ರೂಣ ಕಾಪಿಡುವುದೂ ಇದೇ ವಿದ್ಯೆಯಿಂದ.

‘ಗಬ್ಬ ನಿಲ್ಲೂದಿಲ್ಲ.’ ಮೊದಲ ಸಲಕ್ಕೇ ಎಲ್ಲ ದನ ಗಬ್ಬ ಕಟ್ಟುವುದಿಲ್ಲ, ನಿಜ. ಆದರೆ ಬಹಳ ಸಲ ತಪ್ಪುವುದು ವೇಳೆ. ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಮಾಡಿಸಬೇಕು. ಎಮ್ಮೆಯಂತೂ ಬೇಸಿಗೆಯಲ್ಲಿ ಬೆದೆಯ ಗುರುತನ್ನೇ ಸರಿಯಾಗಿ ಕೊಡದು. ಇನ್ನು ವೀರ್ಯ ತುಂಬಿದ ಕಾಲು ಮಿಲಿಲೀಟರಿನ ನಳಿಕೆ. ಚಿಮಟದಿಂದ ತೆಗೆದು, 37 ಡಿಗ್ರಿಯ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಒರೆಸಿ, ತಡಮಾಡದೆ ಹಾಕಬೇಕು. ದ್ರವ ಸಾರಜನಕದ ಕಂಟೇನರಿನ ಬಾಯಿಗೆ ಎತ್ತಿ ಹಿಡಿದು ಹುಡುಕುತ್ತ ನಿಂತರೆ ಅಲ್ಲೇ ಕೆಡುತ್ತದೆ.

‘ಜವಾರಿ ತಳಿ ಹಾಳಾಗತೈತಿ.’ ಎಲ್ಲ ಆಕಳಿಗೂ ವಿದೇಶಿ ಎಚ್.ಎಫ್. ತಳಿಯ ನಳಿಕೆಯನ್ನೇ ಕೇಳಿದರೆ ಹಾಳಾದೀತು. ಆದರೆ ಅದು ಆಯ್ಕೆಯ ದೋಷ. ಜವಾರಿ ಖಿಲಾರಿ ಹೋರಿಯ ವೀರ್ಯವನ್ನೂ ಹೀಗೆಯೇ ಕಾಪಿಡಬಹುದು. ನಮ್ಮ ಸೀಮೆಯ ಧಾರವಾಡಿ ಎಮ್ಮೆಗೆ ಪ್ರತ್ಯೇಕ ತಳಿಯೆಂಬ ಮನ್ನಣೆ ಸಿಕ್ಕಿದ್ದು 2021ರಲ್ಲಿ. ಸಂಖ್ಯೆ ಕುಗ್ಗುತ್ತಿರುವ ಕೃಷ್ಣಾ ಕಣಿವೆ ದನವೂ ನಮ್ಮದೇ. ಒಳ್ಳೆಯ ಹೋರಿ, ಕೋಣ ಸತ್ತ ಮೇಲೂ ಅವುಗಳ ಸಂತತಿ ಮುಂದುವರಿಸಲು ಬೇರೆ ಸುಲಭದ ದಾರಿ ಯಾವುದಿದೆ?

‘ಊರ ಹೋರಿ ಇರೂವಾಗ ಖರ್ಚ್ಯಾಕ?’ ಊರಿಗೊಂದೇ ಹೋರಿಯಾದರೆ ನಾಲ್ಕೇ ವರ್ಷದಲ್ಲಿ ಅದು ತನ್ನ ಮಗಳನ್ನೇ ಹಾರುತ್ತದೆ. ಒಂದು ದನದ ಸೋಂಕನ್ನು ಇನ್ನೊಂದಕ್ಕೆ ದಾಟಿಸಲೂಬಹುದು. ಡೆನ್ಮಾರ್ಕಿನ ನೆರವಿನಿಂದ 1969ರಲ್ಲಿ ಶುರುವಾದ ಹೆಸರಘಟ್ಟದ ಕೇಂದ್ರೀಯ ವೀರ್ಯ ಉತ್ಪಾದನಾ ಸಂಸ್ಥೆಯಂಥ ಕಡೆ ಹೋರಿಗಳಿಗೆ ಕಂದು ಹಾಕುವ ರೋಗ, ಕ್ಷಯದ ತಪಾಸಣೆ ಮಾಡುತ್ತಾರೆ. ಕಟ್ಟೆಯ ಹೋರಿಗೆ ಯಾರು ಮಾಡಿಸಿದ್ದಾರೆ?

ಮುಂದಿನ ಸಲ ಡಾಕ್ಟರು ಬಂದಾಗ ನಳಿಕೆಯ ಮೇಲಿನ ತಳಿ, ಹೋರಿಯ ಸಂಖ್ಯೆ, ತಾರೀಕು ಓದಿಸಿ ಬರೆದಿಟ್ಟುಕೊಳ್ಳಿ. ಗಬ್ಬ ನಿಲ್ಲದಿದ್ದರೆ ಆ ಚೀಟಿ ಹಿಡಿದು ಕಾರಣ ಕೇಳಿ.