ಕಿರಿಯರ ಹಾಕಿ ವಿಜಯ



2023ರ ಜೂನ್ 1ರಂದು ಒಮಾನಿನ ಸಲಾಲಾ ನಗರದಲ್ಲಿ ನಡೆದ ಕಿರಿಯರ ಏಷ್ಯಾ ಕಪ್ ಅಂತಿಮ ಪಂದ್ಯದಲ್ಲಿ, ಪೂರ್ವಾರ್ಧದಲ್ಲಿಯೇ ಅಂಗದ್ ಬೀರ್ ಸಿಂಗ್ ಹಾಗೂ ಅರೈಜೀತ್ ಸಿಂಗ್ ಹುಂಡಲ್ ಗಳಿಸಿಕೊಟ್ಟ ಎರಡು ಗೋಲುಗಳ ಮುನ್ನಡೆಯನ್ನು, ಬಷಾರತ್ ಅಲಿಯ ಗೋಲಿನಿಂದ ಚೇತರಿಸಿಕೊಂಡ ಪಾಕಿಸ್ತಾನದೆದುರು ಕಡೆಯವರೆಗೂ ಕಾಯ್ದುಕೊಂಡು, ನಮ್ಮ ತರುಣರು 2–1ರಿಂದ ಜಯಶಾಲಿಗಳಾದುದು ಸರ್ವಥಾ ಶ್ಲಾಘನೀಯವು. ಗೋಲು ಹೊಡೆದವರನ್ನು ಎಲ್ಲರೂ ಕೊಂಡಾಡಿದರು. ಗೋಲು ಕಾಯ್ದ ಕನ್ನಡಿಗ ಎಚ್.ಎಸ್. ಮೋಹಿತನನ್ನು ನಮ್ಮವರೇ ನೆನೆದದ್ದು ಅತ್ಯಲ್ಪ (ಗೋಲ್‌ಕೀಪರನ ಹಣೆಬರಹವೇ ಅಂಥದು!). ಕೊಡಗಿನಲ್ಲಿ 1997ರಿಂದ ಮನೆತನಗಳೇ ತಂಡ ಕಟ್ಟಿಕೊಂಡು ಉತ್ಸವದೋಪಾದಿಯಲ್ಲಿ ಆಡುತ್ತಿರುವ ಈ ಕ್ರೀಡೆಯು ನಮ್ಮ ಬಯಲುಸೀಮೆಯಲ್ಲಿಯೂ ಬೇರೂರುವಂತೆ, ಹರಪನಹಳ್ಳಿ, ಕೂಡ್ಲಿಗಿ ತಾಲ್ಲೂಕುಗಳ ಶಾಲೆಗಳಿಗೆ ಹಾಕಿ ಸ್ಟಿಕ್ಕುಗಳನ್ನೂ ಆಟ ಬಲ್ಲ ಶಿಕ್ಷಕರನ್ನೂ ಒದಗಿಸಬೇಕೆಂದು ಕ್ರೀಡಾ ಇಲಾಖೆಯನ್ನು ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇನೆ.

— ಓರ್ವ ಓದುಗ, ಉಚ್ಚಂಗಿದುರ್ಗ