ಇದ್ದಲು ತೊಳೆಯುವ ಕೆಲಸ

ಕಳೆದ ತಿಂಗಳು ನಮಗೆ ಬಂದ ಪತ್ರಗಳಲ್ಲಿ ದಾವಣಗೆರೆಯ ಗೃಹಿಣಿಯೊಬ್ಬರದು ನಮ್ಮನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. ಹೆಸರನ್ನು ಪ್ರಕಟಿಸಬಾರದೆಂದು ಅವರು ಕೋರಿರುವುದರಿಂದ ಸಾರವನ್ನು ಮಾತ್ರ ಇಲ್ಲಿ ಕೊಡುತ್ತೇವೆ. ಅವರ ಮಗಳು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ತೇರ್ಗಡೆಯಾಗಿ, ಕೈಗೆ ಬಂದಿದ್ದ ಒಳ್ಳೆಯ ಉದ್ಯೋಗವೊಂದನ್ನು ಬಿಟ್ಟು, ಬೆಂಗಳೂರಿನ ಒಂದು ಸಂಶೋಧನಾಲಯದಲ್ಲಿ ಡಾಕ್ಟರೇಟಿಗಾಗಿ ದುಡಿಯುತ್ತಿದ್ದಾಳೆ. ಇದು ನಾಲ್ಕನೆಯ ವರ್ಷ. ಕೆಲಸವೇನೆಂದರೆ, ಹಳೆಯ ಬ್ಯಾಟರಿಗಳನ್ನು ಬಿಚ್ಚಿ ಅವುಗಳೊಳಗಿನ ಕಪ್ಪು ಪುಡಿಯನ್ನು ತೊಳೆಯುವುದು. ಹಬ್ಬಕ್ಕೆ ಹುಡುಗಿ ಊರಿಗೆ ಬಂದಾಗ ಅವಳ ದೊಡ್ಡಪ್ಪನವರು, ನೆಂಟರಿಷ್ಟರೆಲ್ಲ ಕುಳಿತಿದ್ದ ಪಂಕ್ತಿಯಲ್ಲಿಯೇ, "ಇದ್ದಲನ್ನು ಎಷ್ಟು ತೊಳೆದರೂ ಬೆಳ್ಳಗಾದೀತೇನಮ್ಮ?" ಎಂದು ಕೇಳಿದರಂತೆ. ಎಲ್ಲರೂ ನಕ್ಕರು. ಹುಡುಗಿ ಎಲೆಯ ಮುಂದಿನಿಂದ ಎದ್ದು ಹೋದಳು.

"ಮಗಳ ಪರವಾಗಿ ಒಂದು ಮಾತನ್ನಾಡೋಣವೆಂದರೆ ಅವಳ ಕೆಲಸವೇನೆಂಬುದೇ ನನಗೆ ತಿಳಿಯದು. ಇದರಲ್ಲಿ ಹುರುಳುಂಟೆ? ಸಾಕುಮಾಡಿ ಬಾ ಎನ್ನಲೇ, ಮುಂದುವರಿಸು ಎನ್ನಲೇ?" ಎಂಬುದು ತಾಯಿಯವರ ಪ್ರಶ್ನೆ. ಮಗಳು ಬರೆದಿರುವ ಪ್ರಬಂಧವೊಂದರ ಮೊದಲ ಪುಟವನ್ನೂ ಅವರು ಪತ್ರಕ್ಕೆ ಲಗತ್ತಿಸಿರುವುದರಿಂದ ಆ ಕಪ್ಪು ಪುಡಿ ಯಾವುದೆಂಬುದು ನಮಗೆ ತಿಳಿಯಿತು. ಅದು ಗ್ರಾಫೈಟು.

ಗ್ರಾಫೈಟು ನಮ್ಮ ವಾಚಕರಿಗೆ ಹೊಸದಲ್ಲ. ಮಕ್ಕಳು ಬರೆಯುವ ಸೀಸದ ಕಡ್ಡಿಯೊಳಗಿರುವುದು ಅದೇ. (ಆ ಹೆಸರು ಶುದ್ಧ ಸುಳ್ಳು. ಅದರಲ್ಲಿ ಸೀಸ ಲವಲೇಶವೂ ಇಲ್ಲ.) ಗ್ರಾಫೈಟು ಇದ್ದಲಿನ ಒಡಹುಟ್ಟು, ಎರಡೂ ಇಂಗಾಲವೇ. ಆದರೆ ಇದ್ದಲಿನಲ್ಲಿ ಇಂಗಾಲದ ಪರಮಾಣುಗಳು ಅಡ್ಡಾದಿಡ್ಡಿಯಾಗಿ ಬಿದ್ದಿದ್ದರೆ, ಗ್ರಾಫೈಟಿನಲ್ಲಿ ಚಿರೋಟಿಯ ಪದರಗಳಂತೆ ಒಂದರ ಮೇಲೊಂದು ಓರಣವಾಗಿ ಕುಳಿತಿರುತ್ತವೆ. ಮೊಬೈಲಿನಲ್ಲಿಯೂ ವಿದ್ಯುತ್ ಸ್ಕೂಟರಿನಲ್ಲಿಯೂ ಇರುವ ಲಿಥಿಯಂ ಬ್ಯಾಟರಿಯಲ್ಲಿ ಈ ಪದರಗಳೇ ಛತ್ರ. ಚಾರ್ಜು ಮಾಡುವಾಗ ಲಿಥಿಯಂ ಬಂದು ಪದರಗಳ ನಡುವೆ ಇಳಿದುಕೊಳ್ಳುತ್ತದೆ. ನಾವು ಮೊಬೈಲನ್ನು ಬಳಸುವಾಗ ಎದ್ದು ಎದುರುಗಡೆಯ ತನ್ನ ಮನೆಗೆ, ಎಂದರೆ ಕೋಬಾಲ್ಟು ನಿಕಲ್ಲು ಮೊದಲಾದ ಲೋಹಗಳ ಆಕ್ಸೈಡಿಗೆ, ಹಿಂದಿರುಗುತ್ತದೆ.

ಈ ಛತ್ರವನ್ನು ಕಂಡುಕೊಟ್ಟವರಲ್ಲಿ ಒಬ್ಬರು ಆಗ ಈ ಹುಡುಗಿಯಂತೆಯೇ ಡಾಕ್ಟರೇಟು ಇನ್ನೂ ಮುಗಿಯದಿದ್ದ ತರುಣರು. ಅವರ ಕಥೆಯನ್ನು ಕೊಂಚ ವಿಸ್ತಾರವಾಗಿಯೇ ಹೇಳಬೇಕೆಂದು ನಮ್ಮ ಆಸೆ.

1970ರ ದಶಕದಲ್ಲಿ ವಿಟಿಂಗ್‌ಹ್ಯಾಮ್ ಎಂಬ ವಿಜ್ಞಾನಿ ಅಮೆರಿಕಾದಲ್ಲಿ ಲಿಥಿಯಂ ಬ್ಯಾಟರಿಯೊಂದನ್ನು ಮಾಡಿದ್ದರಷ್ಟೆ. ಅದರಲ್ಲಿ ಲಿಥಿಯಂ ಲೋಹವನ್ನೇ ಬಳಸಿದ್ದರು. ಮತ್ತೆ ಮತ್ತೆ ಚಾರ್ಜು ಮಾಡಿದಂತೆಲ್ಲ ಆ ಲೋಹದ ಮೇಲೆ ಮೀಸೆಯಂತಹ ಎಳೆಗಳು ಬೆಳೆದು ಎದುರು ಬದಿಗೆ ತಗಲುತ್ತಿದ್ದುವು, ಬೆಂಕಿ ಹೊತ್ತಿಕೊಳ್ಳುತ್ತಿತ್ತು. ಲೋಹವನ್ನು ಬಿಟ್ಟು, ಲಿಥಿಯಂ ಸುಮ್ಮನೆ ತಂಗಿ ಹೋಗುವಂತಹ ಎಡೆಯೊಂದು ಬೇಕಾಗಿತ್ತು. ಗ್ರಾಫೈಟು ಆದೀತೆಂದು ಕೆಲವರಿಗೆ ತೋರದೆ ಇರಲಿಲ್ಲ. ಆದರೆ ಬ್ಯಾಟರಿಗಳಲ್ಲಿ ಆಗ ಬಳಸುತ್ತಿದ್ದ ದ್ರವದಲ್ಲಿ ಗ್ರಾಫೈಟು ನಿಲ್ಲಲೊಲ್ಲದು. ಚಿರೋಟಿಯ ಮೇಲೆ ಹಾಲು ಹೊಯ್ದರೆ ಏನಾಗುತ್ತದೆಂಬುದನ್ನು ನಾವು ಹೇಳಬೇಕಾಗಿಲ್ಲ. ಲಿಥಿಯಮಿನ ಬೆನ್ನು ಹತ್ತಿ ದ್ರವವೂ ಒಳನುಗ್ಗಿ, ಪದರಗಳು ಬಿಚ್ಚಿ ಉದುರಿ ಹೋಗುತ್ತಿದ್ದುವು.

ಮೊರಾಕ್ಕೊ ದೇಶದ ಫೆಜ್ ನಗರದಲ್ಲಿ 1953ರಲ್ಲಿ ಹುಟ್ಟಿದ ರಶೀದ್ ಯಜಾಮಿ ಎಂಬವರು ಆಗ ಫ್ರಾನ್ಸಿನ ಗ್ರೆನೋಬ್ಲ್ ನಗರದಲ್ಲಿ ವಿದ್ಯಾರ್ಥಿಯಾಗಿದ್ದರು. ಅವರು ದ್ರವವನ್ನೇ ಕೈಬಿಟ್ಟು, ಅದರ ಬದಲು ಲಿಥಿಯಮನ್ನು ಸಾಗಿಸಬಲ್ಲ ಒಂದು ಘನ ಪದಾರ್ಥವನ್ನು, ಒಂದು ಬಗೆಯ ಪ್ಲಾಸ್ಟಿಕ್ಕನ್ನು ಬಳಸಿದರು. ಹಾಲಿಲ್ಲದ ಮೇಲೆ ಚಿರೋಟಿ ನೆನೆಯುವುದೆಲ್ಲಿ ಬಂತು! ಲಿಥಿಯಂ ಗ್ರಾಫೈಟಿನೊಳಕ್ಕೆ ಹೋಯಿತು, ಹೊರಕ್ಕೆ ಬಂತು, ಮತ್ತೆ ಹೋಯಿತು, ಪದರಗಳು ಕದಲಲಿಲ್ಲ. ಇದು ನಡೆದದ್ದು 1980ರ ಸುಮಾರಿಗೆ, ಅಚ್ಚಾದದ್ದು 1983ರಲ್ಲಿ. ಅಮೆರಿಕಾದ ಬೆಲ್ ಪ್ರಯೋಗಶಾಲೆಯಲ್ಲಿ ಸಮರ್ ಬಸು ಎಂಬವರೂ ಅದೇ ಕಾಲದಲ್ಲಿ ಗ್ರಾಫೈಟಿನ ಮೇಲೆ ದುಡಿದು 1981ರಲ್ಲಿಯೂ 1983ರಲ್ಲಿಯೂ ಪೇಟೆಂಟುಗಳನ್ನು ಪಡೆದರೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ.

ಆ ವಿದ್ಯಾರ್ಥಿಯ ಕೆಲಸದಿಂದ ಮಾರನೆಯ ದಿನವೇ ಪೇಟೆಗೆ ಬ್ಯಾಟರಿ ಬಂದಿತೆಂದು ವಾಚಕರು ತಿಳಿಯಬಾರದು. 1991ರಲ್ಲಿ ಜಪಾನಿನ ಸೋನಿ ಕಂಪೆನಿಯವರು ಮೊತ್ತಮೊದಲು ಮಾರಿದ ಲಿಥಿಯಂ ಬ್ಯಾಟರಿಯಲ್ಲಿ ಸಹ ಇದ್ದದ್ದು ಗ್ರಾಫೈಟಲ್ಲ, ಬೇರೆ ಬಗೆಯ ಇಂಗಾಲ. ಅದಕ್ಕೆ ಒಂದು ವರ್ಷ ಮೊದಲು, 1990ರಲ್ಲಿ, ಕೆನಡಾದಲ್ಲಿ ಡಾನ್ ಎಂಬವರೂ ಅವರ ಸಂಗಡಿಗರೂ ಗ್ರಾಫೈಟಿಗೆ ಒಗ್ಗುವ ದ್ರವವನ್ನು ವಿವರಿಸಿದರು. ಆ ದ್ರವದಲ್ಲಿ ಮೊದಲ ಸಲ ಚಾರ್ಜು ಮಾಡುವಾಗ ಗ್ರಾಫೈಟಿನ ಮೈಮೇಲೆ ಹಾಲಿನ ಕೆನೆಯಂತೆ ತೆಳುವಾದ ಪೊರೆಯೊಂದು ಕಟ್ಟುತ್ತದೆ. ಪೊರೆ ಲಿಥಿಯಮನ್ನು ಮಾತ್ರ ಬಿಟ್ಟುಕೊಂಡು ದ್ರವವನ್ನು ತಡೆಯುತ್ತದೆ. ಅಲ್ಲಿಂದ ಮುಂದೆ ಗ್ರಾಫೈಟು ಎಲ್ಲೆಡೆಯೂ ನೆಲೆಯೂರಿತು. ಇಂದು ಮನೆಮನೆಯ ಮೊಬೈಲಿನಲ್ಲಿ ಇರುವುದು ಅದೇ. 2014ರಲ್ಲಿ ಯಜಾಮಿಯವರಿಗೆ ಗುಡಿನಫ್, ನಿಶಿ, ಯೋಶಿನೋ ಇವರೊಡನೆ ಅಮೆರಿಕಾದ ಡ್ರೇಪರ್ ಬಹುಮಾನ ಸಂದಿತು. 2019ರ ನೊಬೆಲ್ ಬಹುಮಾನ ಮಾತ್ರ ಗುಡಿನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಮೂವರಿಗೆ ಹೋಯಿತು. ಮೂವರಿಗಿಂತ ಹೆಚ್ಚು ಜನಕ್ಕೆ ಅದನ್ನು ಹಂಚುವ ಪದ್ಧತಿಯಿಲ್ಲ. ಗ್ರಾಫೈಟಿನವರು ಹೊರಗುಳಿದರು.

ಹೊರಗುಳಿಯುವುದು ಗ್ರಾಫೈಟಿನ ಹಣೆಯಲ್ಲಿಯೇ ಬರೆದಿದೆಯೋ ಏನೋ! 2021ರಲ್ಲಿ ಮಂಡ್ಯ ಜಿಲ್ಲೆಯ ಮರಳಗಾಲದ ಬಳಿ 1,600 ಟನ್ನು ಲಿಥಿಯಮಿನ ಅಂದಾಜು ಸಿಕ್ಕಿದೆಯೆಂದು ಸರ್ಕಾರದವರು ತಿಳಿಸಿದಾಗ ನಮ್ಮ ಜನ ಎಷ್ಟೊಂದು ಹಿಗ್ಗಿದರು! ಆದರೆ ಲಿಥಿಯಂ ಕುಳಿತುಕೊಳ್ಳುವ ಗ್ರಾಫೈಟಿನ ಮಾತನ್ನು ಒಬ್ಬರೂ ಎತ್ತಲಿಲ್ಲ. ಒಂದು ಸಣ್ಣ ಲೆಕ್ಕವನ್ನು ನೋಡಿ. ಒಂದು ಲಿಥಿಯಂ ಪರಮಾಣು ತಂಗಬೇಕಾದರೆ ಆರು ಇಂಗಾಲದ ಪರಮಾಣುಗಳು ಬೇಕು. ಇಂಗಾಲದ ಪರಮಾಣುತೂಕ 12, ಲಿಥಿಯಮಿನದು ಸುಮಾರು 7. ಎಂದರೆ 7 ತೊಲ ಅತಿಥಿಗೆ 72 ತೊಲ ಛತ್ರ. ತೂಕದಲ್ಲಿ ಇಷ್ಟು ದೊಡ್ಡದಾದ ಪದಾರ್ಥವು ಹಳೆಯ ಬ್ಯಾಟರಿಯನ್ನು ಕರಗಿಸುವಾಗ ಏನಾಗುತ್ತದೆ? ಕುಲುಮೆಗೆ ಹಾಕುವ ಪದ್ಧತಿಯಲ್ಲಿ ಕೋಬಾಲ್ಟು, ನಿಕಲ್ಲು, ತಾಮ್ರಗಳು ಕರಗಿ ಕೈಗೆ ಬರುತ್ತವೆ. ಲಿಥಿಯಂ ಕಿಟ್ಟದ ಪಾಲಾಗುತ್ತದೆ. ಗ್ರಾಫೈಟು ಸೌದೆಯಂತೆ ಉರಿದುಹೋಗುತ್ತದೆ. ಆಮ್ಲದಲ್ಲಿ ಕರಗಿಸುವ ಪದ್ಧತಿಯಲ್ಲಿ ಲೋಹಗಳೆಲ್ಲ ನೀರಿಗಿಳಿದು ಗ್ರಾಫೈಟು ಶೋಧನೆಯ ಕಾಗದದ ಮೇಲೆ ಗಸಿಯಾಗಿ ಉಳಿಯುತ್ತದೆ. ಕೋಬಾಲ್ಟಿಗೆ ಬೆಲೆಯುಂಟು, ಗಸಿಗೆ ಬೆಲೆಯಿಲ್ಲ. ಆದುದರಿಂದ ಅದನ್ನು ಬಹುಮಟ್ಟಿಗೆ ಸುಡುವುದೋ ಬಿಸುಡುವುದೋ ನಡೆದು ಬಂದಿದೆ.

ದಾವಣಗೆರೆಯ ಹುಡುಗಿ ಕೈಯಿಟ್ಟಿರುವುದು ಈ ಗಸಿಗೆ.

ದೊಡ್ಡಪ್ಪನವರ ಗಾದೆ ಸುಳ್ಳಲ್ಲ. ಆದರೆ ಅವಳು ಅದನ್ನು ಬೆಳ್ಳಗೆ ಮಾಡಲು ತೊಳೆಯುತ್ತಿಲ್ಲ. ಕಪ್ಪನ್ನು ಶುದ್ಧವಾದ ಕಪ್ಪಾಗಿ ಮಾಡಲು ತೊಳೆಯುತ್ತಿದ್ದಾಳೆ. ವರ್ಷಗಟ್ಟಲೆ ದುಡಿದ ಗ್ರಾಫೈಟಿನ ಪದರಗಳಲ್ಲಿ ಹಿಂದಿರುಗದ ಲಿಥಿಯಂ ಸಿಕ್ಕಿಕೊಂಡಿರುತ್ತದೆ. ಮೇಲಿನ ಪೊರೆ ದಪ್ಪವಾಗಿರುತ್ತದೆ. ತಾಮ್ರದ ಹಾಳೆಯ ಚೂರುಗಳು, ಅಂಟು, ಎದುರು ಬದಿಯ ಲೋಹದ ಪುಡಿ ಎಲ್ಲವೂ ಬೆರೆತಿರುತ್ತವೆ. ಇವನ್ನು ಆಮ್ಲದಿಂದ ಬಿಡಿಸಬೇಕು. ತಾಮ್ರದ ಹಂಡೆಗೆ ಹುಣಿಸೆಹುಳಿ ಹಚ್ಚಿ ತಿಕ್ಕುವ ನಮ್ಮ ಗೃಹಿಣಿಯರಿಗೆ ಇದರ ಮರ್ಮ ಗೊತ್ತು: ಹುಳಿಯು ಕಿಲುಬನ್ನು ಕರಗಿಸುತ್ತದೆ, ಹಂಡೆಯನ್ನು ಉಳಿಸುತ್ತದೆ. ಕಾರ್ಖಾನೆಗಳಲ್ಲಿ ಇದಕ್ಕೆ ಗಂಧಕಾಮ್ಲವನ್ನು ಬಳಸುವುದು ವಾಡಿಕೆ. ನಿಂಬೆಯ ಹುಳಿಯಾದ ಸಿಟ್ರಿಕ್ ಆಮ್ಲದಿಂದಲೂ, ಹುಣಿಸೆಯ ಹುಳಿಯಾದ ಟಾರ್ಟಾರಿಕ್ ಆಮ್ಲದಿಂದಲೂ ಬ್ಯಾಟರಿಯ ಲೋಹಗಳನ್ನು ಕರಗಿಸಬಹುದೆಂದು ಸಂಶೋಧಕರು ತೋರಿಸಿರುವುದು ನಮಗೆ ಬಹಳ ಸಂತೋಷವನ್ನು ಕೊಟ್ಟ ಸಂಗತಿ.

ಇಷ್ಟೆಲ್ಲ ಏತಕ್ಕೆ, ಹೊಸ ಗ್ರಾಫೈಟನ್ನೇ ಕೊಂಡರಾಗದೆ, ಎಂದು ದೊಡ್ಡಪ್ಪನವರು ಕೇಳಿಯಾರು. ಕೇಳತಕ್ಕ ಪ್ರಶ್ನೆಯೇ. ಹೊಸ ಗ್ರಾಫೈಟನ್ನು ಕೃತಕವಾಗಿ ಮಾಡಬೇಕಾದರೆ ಪೆಟ್ರೋಲಿಯಮ್ಮಿನಿಂದ ಬರುವ ಕೋಕನ್ನು ಸುಮಾರು 3,000 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಬೇಕು. ಕಬ್ಬಿಣ ಕರಗುವುದು 1,538 ಡಿಗ್ರಿಯಲ್ಲಿ ಎಂಬುದನ್ನು ನೆನೆದರೆ ಇದರ ಖರ್ಚು ಊಹೆಗೆ ಬಂದೀತು. ಗಣಿಯ ಗ್ರಾಫೈಟಾದರೆ, ಅದನ್ನು ಉರುಟು ಮಾಡುವಾಗ ಬಹಳಷ್ಟು ಪುಡಿಯಾಗಿ ನಷ್ಟವಾಗುತ್ತದೆ. ಶುದ್ಧಿ ಮಾಡಲು ಘೋರವಾದ ಆಮ್ಲವೂ ಬೇಕಾಗುತ್ತದೆ. ಜಗತ್ತಿನ ಬ್ಯಾಟರಿ ಗ್ರಾಫೈಟಿನ ಬಹುಭಾಗ ಸಿದ್ಧವಾಗುವುದು ಚೀನಾದಲ್ಲಿ. 2023ರ ಡಿಸೆಂಬರ್ 1ರಿಂದ ಆ ದೇಶದವರು ಅದರ ರಫ್ತಿಗೆ ಪರವಾನಗಿಯ ಕಟ್ಟುಪಾಡನ್ನು ತಂದಾಗ ಬ್ಯಾಟರಿ ಮಾಡುವ ದೇಶಗಳೆಲ್ಲ ಕಣ್ಣುಬಿಟ್ಟುವು. ಗಸಿಯೆಂದು ಎಸೆಯುವ ಗ್ರಾಫೈಟಿನ ಪದರಗಳಾದರೋ ಬಹುಪಾಲು ಹಾಗೆಯೇ ಓರಣವಾಗಿ ಇರುತ್ತವೆ. ತೊಳೆದು ಮಿತವಾದ ಶಾಖಕ್ಕಿಟ್ಟರೆ ಅದು ಮತ್ತೆ ಛತ್ರವಾದೀತು ಎಂಬುದು ಹುಡುಗಿಯ ಎಣಿಕೆ. ಜಗತ್ತಿನ ಬೇರೆ ಕಡೆಗಳಲ್ಲಿಯೂ ಅನೇಕರ ಎಣಿಕೆ.

ಎಣಿಕೆಯೆಂದೆವು, ಏಕೆಂದರೆ ಸಿದ್ಧಿಯಾಗಿದೆ ಎನ್ನಲಾರೆವು. ಬ್ಯಾಟರಿಗೆ ಬೇಕಾದ ಗ್ರಾಫೈಟು ಅತ್ಯಂತ ಶುದ್ಧವಾಗಿರಬೇಕು. ಒಂದು ಕಂಪೆನಿಯ ಬ್ಯಾಟರಿಯಂತೆ ಇನ್ನೊಂದು ಕಂಪೆನಿಯದು ಇರುವುದಿಲ್ಲ. ಗುಜರಿಯಲ್ಲಿ ಎಲ್ಲವೂ ಕಲಸಿ ಬರುತ್ತವೆ. ಪ್ರಯೋಗಶಾಲೆಯಲ್ಲಿ ಚಮಚದಷ್ಟನ್ನು ತೊಳೆದಂತೆ ಕಾರ್ಖಾನೆಯಲ್ಲಿ ಗಾಡಿಗಟ್ಟಲೆ ತೊಳೆದು, ಹೊಸದಕ್ಕಿಂತ ಅಗ್ಗವಾಗಿ ಮಾರುವುದು ಬೇರೆಯೇ ಮಾತು. ಹುಡುಗಿಯ ನಾಲ್ಕು ವರ್ಷ ಫಲಿಸಿಯೇ ಫಲಿಸುತ್ತದೆಂದು ತಾಯಿಗೆ ಭರವಸೆ ಕೊಡಲು ನಮಗೆ ಮನಸ್ಸು ಬಾರದು.

ಆದರೆ ನಾಲ್ಕು ವರ್ಷವೇಕೆಂಬುದಕ್ಕೆ ಮಾತ್ರ ಉತ್ತರ ಹೇಳಬಲ್ಲೆವು. ತೊಳೆದ ಗ್ರಾಫೈಟು ಚೆನ್ನಾಗಿದೆಯೆಂದು ಕಣ್ಣಿನಿಂದ ನೋಡಿ ಹೇಳುವಂತಿಲ್ಲ. ಅದರಿಂದ ಅಂಗಿಯ ಗುಂಡಿಯಷ್ಟು ದೊಡ್ಡ ಬ್ಯಾಟರಿಯೊಂದನ್ನು ಮಾಡಿ, ಚಾರ್ಜು ತುಂಬಿಸಿ, ಬರಿದು ಮಾಡಿ, ಮತ್ತೆ ತುಂಬಿಸಿ ನೋಡಬೇಕು. ತುಂಬಿಸಿ ಬರಿದು ಮಾಡಲು ಒಟ್ಟು 10 ಗಂಟೆ ಹಿಡಿದರೆ, 500 ಸಲಕ್ಕೆ 5,000 ಗಂಟೆ. 208 ದಿನಗಳ ಮೇಲೂ ಕೆಲವು ಗಂಟೆ. ಏಳು ತಿಂಗಳ ಕೊನೆಯಲ್ಲಿ ಬ್ಯಾಟರಿ ಸತ್ತರೆ ಇನ್ನೊಂದು ಬಗೆಯಲ್ಲಿ ತೊಳೆದು ಮೊದಲಿನಿಂದ ಹಿಡಿಯಬೇಕು. ಬಸುರಿನ ಬಯಕೆ, ಬಾಣಂತನಗಳನ್ನು ಕಂಡ ತಾಯಿಗೆ ಕಾಯುವುದೆಂದರೇನೆಂದು ನಾವು ಕಲಿಸಬೇಕಾಗಿಲ್ಲ. ಪ್ರತಿ ಭಾನುವಾರವೂ ದೂರವಾಣಿಯಲ್ಲಿ "ಯಾವಾಗ ಮುಗಿಯುತ್ತದೆ?" ಎಂದು ಕೇಳುತ್ತೇನೆಂದು ಅವರೇ ಬರೆದಿದ್ದಾರೆ. ಆ ಪ್ರಶ್ನೆಯನ್ನು ಆರು ತಿಂಗಳು ಬಿಡುವುದು ಲೇಸು. ನಾಲ್ಕು ವರ್ಷ ನಡೆದ ದಾರಿಯಲ್ಲಿ ಅವಳು ಪ್ರಬಂಧವನ್ನು ಒಪ್ಪಿಸಿ ಬರಲಿ; ನಡುವಿನಿಂದ ಕರೆಸಿಕೊಳ್ಳಬಾರದೆಂಬುದೇ ನಮ್ಮ ಅಭಿಪ್ರಾಯ. ಆಮೇಲೆ ಉದ್ಯೋಗವೋ, ವಿವಾಹವೋ, ಎರಡೂ ಒಟ್ಟಿಗೋ, ಅವಳೊಡನೆ ಕುಳಿತು ಮಾತನಾಡಬಹುದು.

ಕೇಳಬೇಕಾದ ಪ್ರಶ್ನೆ ಬೇರೊಂದು ಉಂಟು. ಪತ್ರದಲ್ಲಿ ಅದು ಎಲ್ಲಿಯೂ ಬಂದಿಲ್ಲವೆಂಬುದು ನಮಗೆ ಆಶ್ಚರ್ಯ. ಬ್ಯಾಟರಿಯ ದ್ರವದಲ್ಲಿರುವ ಲವಣವು ಗಾಳಿಯ ತೇವ ತಾಗಿದೊಡನೆ ಹೈಡ್ರೋಫ್ಲೋರಿಕ್ ಆಮ್ಲವನ್ನು ಹುಟ್ಟಿಸುತ್ತದೆ. ಅದು ಚರ್ಮದ ಮೇಲೆ ಬಿದ್ದರೆ ಕೆಲವೊಮ್ಮೆ ಕೂಡಲೇ ನೋಯುವುದೂ ಇಲ್ಲ. ಒಳಕ್ಕಿಳಿದು ಮೂಳೆಯವರೆಗೆ ಹೋಗುತ್ತದೆ. ಹಳೆಯ ಬ್ಯಾಟರಿಯಲ್ಲಿ ಉಳಿದ ಚಾರ್ಜನ್ನು ಪೂರ್ತಿ ಬರಿದು ಮಾಡದೆ ಬಿಚ್ಚಿದರೆ ಬೆಂಕಿಯೂ ಏಳಬಹುದು. ಆದುದರಿಂದ ಮುಂದಿನ ಭಾನುವಾರ ತಾಯಿಯವರು ಹೀಗೆ ಕೇಳಲಿ: ಬಿಚ್ಚುವ ಮೊದಲು ಬರಿದು ಮಾಡುತ್ತೀಯಾ? ಕೈಚೀಲ, ಕಣ್ಣಿನ ಕವಚ ಹಾಕಿಕೊಳ್ಳುತ್ತೀಯಾ? ಹೊಗೆಯನ್ನು ಹೊರಗೆಳೆಯುವ ಗೂಡಿನೊಳಗೇ ಕೆಲಸ ಮಾಡುತ್ತೀಯಾ? ಕ್ಯಾಲ್ಸಿಯಂ ಗ್ಲೂಕೋನೇಟಿನ ಮುಲಾಮು ಪಕ್ಕದಲ್ಲಿಯೇ ಇದೆಯಾ? ರಾತ್ರಿ ಒಬ್ಬಳೇ ಇರುತ್ತೀಯಾ? ಇವನ್ನು ಕೇಳುವ ತಾಯಿಗೆ ಮಗಳು ತನ್ನ ಕೆಲಸವನ್ನು ತಾನಾಗಿಯೇ ವಿವರಿಸತೊಡಗುವಳೆಂದು ನಮ್ಮ ನಂಬಿಕೆ. ಮುಂದಿನ ಹಬ್ಬದ ಪಂಕ್ತಿಯಲ್ಲಿ ದೊಡ್ಡಪ್ಪನವರಿಗೆ ಉತ್ತರ ಕೊಡುವ ಭಾರವನ್ನು ಈ ಸಂಚಿಕೆಗೇ ವಹಿಸಬಹುದು. ಎಲೆ ಹಾಕುವ ಮೊದಲೇ ಅವರ ಕೈಗೆ ಕೊಟ್ಟರಾಯಿತು.

ಪತ್ರದ ಕೊನೆಯಲ್ಲಿ ಇನ್ನೊಂದು ಸಾಲಿದೆ: ಮನೆಯ ಬೀರುವಿನಲ್ಲಿ ನಾಲ್ಕು ಹಳೆಯ ಮೊಬೈಲುಗಳಿವೆ, ಒಂದರ ಬೆನ್ನು ಉಬ್ಬಿದೆ, ಏನು ಮಾಡಲಿ ಎಂದು. ಈ ಸಾಲನ್ನು ಓದಿ ನಾವೂ ನಮ್ಮ ಮೇಜಿನ ಖಾನೆಯನ್ನು ಎಳೆದು ನೋಡಿದೆವು, ಎರಡು ಸಿಕ್ಕುವು! 2022ರ ಆಗಸ್ಟಿನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಹಿಂದಕ್ಕೆ ಪಡೆದು ಮರುಬಳಕೆಗೆ ಕಳುಹಿಸುವ ಹೊಣೆ ಅದನ್ನು ಮಾಡಿದವರದು, ಹೊರದೇಶದಿಂದ ತರಿಸಿದವರದು. ಕಸದ ತೊಟ್ಟಿಯ ಮೇಲೆ ಅಡ್ಡಗೀಟು ಎಳೆದ ಚಿಹ್ನೆ ಅದರ ಮೇಲಿರುವುದು ಇದಕ್ಕಾಗಿಯೇ. ಮೂರು ಮೊಬೈಲುಗಳನ್ನು ವಿದ್ಯುನ್ಮಾನ ತ್ಯಾಜ್ಯ ಸಂಗ್ರಹಿಸುವ ಕೇಂದ್ರಕ್ಕೋ, ಹಳೆಯದನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಂಗಡಿಗೋ ಕೊಡಬಹುದು. ಉಬ್ಬಿದ ನಾಲ್ಕನೆಯದನ್ನು ಚಾರ್ಜಿಗೆ ಹಾಕಬಾರದು, ಒತ್ತಬಾರದು, ಚುಚ್ಚಬಾರದು, ಬಸ್ಸಿನಲ್ಲಿ ಮಗಳಿಗೆ ಕಳುಹಿಸಲಂತೂ ಬಾರದು. ಬಟ್ಟೆಬರೆಯ ಬೀರುವಿನಿಂದ ಇಂದೇ ತೆಗೆದು, ಮಕ್ಕಳ ಕೈಗೆ ಎಟುಕದ ತಂಪಾದ ಎಡೆಯಲ್ಲಿ, ಒಣ ಮರಳು ತುಂಬಿದ ಮಣ್ಣಿನ ಮಡಕೆಯಲ್ಲಿ ಇಡಲಿ. ಕೇಂದ್ರದವರಿಗೆ ಕೊಡುವಾಗ ಅದು ಉಬ್ಬಿದೆಯೆಂದು ಮೊದಲೇ ಬಾಯಿಬಿಟ್ಟು ಹೇಳಲಿ.